ಮೂಗಿನ ಮಡಿ

ಮದುವೆಯಾಗಿ ಬಂದ ದಿನ, ಹೊಸಿಲಿನ ಮೇಲೆ ಅಕ್ಕಿ ತುಂಬಿಟ್ಟ ಸೇರನ್ನು ನಾನು ಒದೆಯುವುದಕ್ಕೂ ಮೊದಲೇ ಅತ್ತೆ ನನ್ನ ಜಡೆಗೆ ಕೈಹಾಕಿದರು. ತವರಿನಲ್ಲಿ ಮುಡಿಸಿ ಕಳಿಸಿದ್ದ ಮಲ್ಲಿಗೆ ದಂಡೆಯನ್ನು ಮೆಲ್ಲಗೆ ಬಿಡಿಸಿ, ಬಾಗಿಲ ಹೊರಗೆ ಚೌಕಟ್ಟಿನ ಪಕ್ಕ ಹೊಡೆದಿದ್ದ ಮೊಳೆಗೆ ನೇತುಹಾಕಿದರು.

"ಬೇಜಾರ್ ಮಾಡ್ಕೋಬೇಡ ಕಣಮ್ಮ. ಈ ಮನೇಲಿ ಹೂವು ಬಂದ್ರೆ ಹಂಡೆಗೆ ಬರ್ಬೇಕು, ಮುಡಿಗಲ್ಲ" ಅಂದರು.

ನಾನು ಬಲಗಾಲಿಟ್ಟು ಒಳಗೆ ಹೋದೆ. ನನ್ನ ಹೂವು ಹೊರಗೇ ಉಳಿಯಿತು.

ಅದು ಅತ್ತರು ಇಳಿಸುವವರ ಮನೆ. ಊರಿನ ಮದುವೆಗಳಿಗೆಲ್ಲ ಗಂಧ ಹೋಗುತ್ತಿದ್ದುದು ಅಲ್ಲಿಂದಲೇ. ಆದರೆ ಮನೆಯೊಳಗೆ ಯಾವ ವಾಸನೆಯೂ ಸುಳಿಯಕೂಡದು. ಒಗ್ಗರಣೆಗೆ ಇಂಗಿಲ್ಲ, ಬೆಳ್ಳುಳ್ಳಿಯಿಲ್ಲ. ಮೈಗೆ ಬರೀ ಕಡಲೆಹಿಟ್ಟು. ದೇವರಿಗೂ ನೀರು, ಬಿಲ್ವಪತ್ರೆ ಅಷ್ಟೇ. ಊದಿನಕಡ್ಡಿ ಹಚ್ಚಬೇಕೆಂದರೆ ಗುಡಿಗೇ ಹೋಗಬೇಕು. ಗಂಧ ಅಳೆಯುವ ಮೂಗಿಗೆ ಬೇರೇನೂ ಸೋಕಬಾರದು ಎಂಬುದು ಮಾವ ಗುರುಸಿದ್ಧಪ್ಪನವರಿಗೆ ಅವರಪ್ಪನಿಂದ ಬಂದ ಕಟ್ಟಳೆ. ಅದಕ್ಕೆ ಅವರು 'ಮೂಗಿನ ಮಡಿ' ಎನ್ನುತ್ತಿದ್ದರು.

ನನಗೆ ಹೂವೆಂದರೆ ಪ್ರಾಣ. ನೀರಿಗೆ ಹೋಗುವಾಗ ಮೊಳೆಯಿಂದ ತೆಗೆದು ಮುಡಿಯುವುದು, ಬರುವಾಗ ಚಪ್ಪಲಿ ಬಿಟ್ಟ ಹಾಗೆ ಹೂವನ್ನೂ ಬಾಗಿಲಲ್ಲೇ ಬಿಡುವುದು, ಇದು ನನ್ನ ಸಂಸಾರವಾಯಿತು. ಅತ್ತೆ ಹೂವು ಮುಡಿಯುವುದನ್ನೇ ಬಿಟ್ಟಿದ್ದರು. "ತೆಗೆದಿಡೋ ಮುಡಿಯಲ್ಲಿ ಏನು ಸುಖ?" ಎಂದು ಒಮ್ಮೆ ಅಂದಿದ್ದರು. ಹೇಳುವಾಗ ನಕ್ಕರು, ಆದರೆ ನನಗೆ ನಗು ಬರಲಿಲ್ಲ.

ಮಾವನವರಿಗೆ ಒಂದು ಹುಚ್ಚಿತ್ತು. ಗುಲಾಬಿ, ಕೇದಿಗೆಯೆಲ್ಲ ಅವರಿಗೆ ಎಡಗೈ ಕೆಲಸ. ಅವರಿಗೆ ಬೇಕಾಗಿದ್ದುದು ಊರ ಹಿಂದಿನ ಬೆಟ್ಟದ ಕಾಡು, ಇಡಿಯಾಗಿ, ಒಂದು ಕುಪ್ಪಿಯೊಳಗೆ. ಪ್ರಾಯದಲ್ಲಿ ಅವರು ಆ ಕಾಡನ್ನು ಜಡೆಯನೆಂಬ ಗೆಳೆಯನ ಜೊತೆ ಸುತ್ತಿದ್ದರಂತೆ. ಧೂಪದ ಮರಕ್ಕೆ ಗಾಯ ಮಾಡಿ, ಅದು ಸುರಿಸಿದ ಅಂಟನ್ನು ಮುತ್ತುಗದೆಲೆಯಲ್ಲಿ ಕಟ್ಟಿ ತರುತ್ತಿದ್ದವನು ಜಡೆಯ. ಹಳೆಯ ಗಾಯ ಮಾಯುವವರೆಗೆ ಆ ಮರದ ತಂಟೆಗೆ ಹೋಗುತ್ತಿರಲಿಲ್ಲವಂತೆ. ಅವನಿಗೆ ಈ ಮನೆಯ ಮಡಿಗಿಡಿ ಲೆಕ್ಕಕ್ಕಿರಲಿಲ್ಲ. ಬೆವರಿಳಿಸುತ್ತ, ಹೊಗೆ ನಾರುತ್ತ ಸೀದಾ ನಡುಮನೆಗೆ ಬಂದು ಕೂರುತ್ತಿದ್ದ. "ಅವನು ಬಂದ ದಿನ ನಿಮ್ಮ ಮಾವ ಒಲೆ ಹೊತ್ತಿಸ್ತಿರಲಿಲ್ಲ. ಮೂಗು ಕೆಟ್ಟಿತು ಅಂತ ಬೈಕೊಂಡು, ಸಂಜೆ ತನಕ ಅವನ ಜೊತೆ ಹರಟೆ ಹೊಡಿಯೋರು" ಎಂದು ಅತ್ತೆ ಹೇಳುತ್ತಿದ್ದರು. ನಾನು ಆ ಮನೆ ಸೇರುವ ಹೊತ್ತಿಗೆ ಜಡೆಯ ಮಣ್ಣಾಗಿದ್ದ. ಮಾವನವರ ಮಂಡಿಯೂ ಬೆಟ್ಟ ಹತ್ತುವುದನ್ನು ಬಿಟ್ಟಿತ್ತು.

ಧೂಪದ ಅಂಟು, ಲಾವಂಚ, ಕಲ್ಲುಹೂವು, ಯಾವ್ಯಾವುದೋ ತೊಗಟೆ, ಎಲ್ಲವನ್ನೂ ತಾಮ್ರದ ಹಂಡೆಗೆ ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಕೂತ ಪಾತ್ರೆಯ ಗಂಧದೆಣ್ಣೆಗೆ ಇಳಿಯುತ್ತಿತ್ತು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ ಅದ್ದಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಪ್ರತಿ ಸಲವೂ ಹೊರಗೆ ಬಂದು ಹೇಳುತ್ತಿದ್ದುದು ಒಂದೇ ಮಾತು: "ಇದು ಕಾಡಲ್ಲ, ಕಾಡಿನ ಹೆಣ. ಚೆಲ್ಲಿಬಿಡಿ."

ಒಂದು ವರ್ಷ ಕಾಯಿಸುವ ಮೊದಲೇ ಅವರು ಹೇಳಿಬಿಟ್ಟಿದ್ದರು. ಈ ಸಲವೂ ಕಾಡಿನ ಗಂಧ ಬಾರದಿದ್ದರೆ ಹಂಡೆ ಕಂಚುಗಾರರ ಮನೆಗೆ, ಕೆಲಸ ಇಲ್ಲಿಗೆ ಮುಗಿಯಿತು. ಬಾರಲಿಲ್ಲ. ಕೋಣೆಯಿಂದ ಬಂದವರು ಹುಣಿಸೆಹಣ್ಣು, ಬೂದಿ ತೆಗೆದುಕೊಂಡು ನಡುಮನೆಯಲ್ಲಿ ಹಂಡೆ ತಿಕ್ಕಲು ಕೂತರು. ಮಾರಿಬಿಡುವ ಹಂಡೆಯನ್ನು ಯಾರಾದರೂ ಅಷ್ಟು ಪ್ರೀತಿಯಿಂದ ತಿಕ್ಕುತ್ತಾರೆಯೇ! ಅವರ ಹಿಂದೆ ನಮ್ಮ ಯಜಮಾನರು, ಅಪ್ಪ ಕಲಿಸಿದ ಈ ಒಂದು ವಿದ್ಯೆ ಬಿಟ್ಟು ಬೇರೆ ಗೊತ್ತಿಲ್ಲದವರು, ಕಂಬಕ್ಕೆ ಒರಗಿ ನಿಂತಿದ್ದರು.

ನಿಜ ಹೇಳುತ್ತೇನೆ, ನನಗೆ ಖುಷಿಯಾಗಬೇಕಿತ್ತು. ಹಂಡೆ ಹೋದರೆ ಮಡಿಯೂ ಹೋಗುತ್ತದೆ. ಮನೆಯೊಳಗೇ ಮೊಳಗಟ್ಟಲೆ ಹೂ ಮುಡಿಯಬಹುದು. ಆದರೆ ಮಾವನವರ ಬಾಗಿದ ಬೆನ್ನು ನೋಡಿ ಆ ಖುಷಿ ಬರಲಿಲ್ಲ.

ಅತ್ತೆ ಅತ್ತರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಹಿತ್ತಲಲ್ಲಿ ಚೆಲ್ಲು" ಅಂದರು. ನನಗೆ ಮನಸ್ಸು ಬರಲಿಲ್ಲ. ಬೆರಣಿಯ ಒಟ್ಟಿಲ ಹಿಂದೆ ಪಾತ್ರೆ ಮುಚ್ಚಿಟ್ಟೆ. ಇಡುವಾಗ ಆಸೆ ತಡೆಯಲಾಗಲಿಲ್ಲ. ಎರಡು ಬೆರಳು ಅದ್ದಿ ಕುತ್ತಿಗೆಗೆ, ಕಿವಿಯ ಹಿಂದೆ, ಮಣಿಕಟ್ಟಿಗೆ ಸವರಿಕೊಂಡೆ. ಚೆಲ್ಲುವ ಗಂಧಕ್ಕೆ ಎಲ್ಲಿಯ ಮಡಿ? ಮೂಸಿ ನೋಡಿದರೆ ಹಳೇ ಮರದ ಪೆಟ್ಟಿಗೆಯ ವಾಸನೆ, ಅಷ್ಟೇ. ಇದಕ್ಕಾಗಿ ಇಷ್ಟು ಗೋಳೇ ಅನ್ನಿಸಿತು. ಆಮೇಲೆ ಕೆಲಸದಲ್ಲಿ ಮರೆತೇಬಿಟ್ಟೆ. ಸೌದೆ ಹೊತ್ತೆ, ಬಚ್ಚಲೊಲೆಗೆ ಉರಿ ಹಾಕಿದೆ, ಹಸಿ ಸೌದೆಯ ಹೊಗೆ ಕುಡಿದೆ, ಬಾವಿಯಿಂದ ನೀರು ಸೇದಿ ಸೇದಿ ಬೆವೆತೆ.

ದೀಪ ಹಚ್ಚುವ ಹೊತ್ತಿಗೆ ಕೊಡ ಹೊತ್ತು ಒಳಗೆ ಬಂದೆ. ಮಾವನವರು ಬಾಗಿಲಿಗೆ ಬೆನ್ನು ಮಾಡಿ ಇನ್ನೂ ಹಂಡೆ ತಿಕ್ಕುತ್ತಿದ್ದರು. ನಾನು ಅವರ ಹಿಂದೆ ಹಾದೆ. ಅವರ ಕೈ ನಿಂತಿತು.

"ಯಾರು? ಜಡೆಯ ಬಂದ್ಯೇನೋ?"

ಅವರು ತಿರುಗಿದರು. ನನ್ನನ್ನು ನೋಡಿದರೂ ಕಣ್ಣು ನನ್ನ ಹಿಂದೆ ಬಾಗಿಲಿನಲ್ಲಿ ಯಾರನ್ನೋ ಹುಡುಕಿತು.

"ತಪ್ಪಾಯ್ತು ಮಾವ" ಅಂದೆ. "ಚೆಲ್ಲೋದು ತಾನೇ ಅಂತ ಒಂಚೂರು ಹಚ್ಕೊಂಡೆ."

"ಕೈ ಕೊಡಮ್ಮ ಇಲ್ಲಿ."

ನನ್ನ ಮಣಿಕಟ್ಟನ್ನು ಮೂಗಿನ ಹತ್ತಿರ ಹಿಡಿದು ಅವರು ಎಷ್ಟು ಹೊತ್ತು ಕೂತರೋ. ಅವರ ಗಡ್ಡ ಒದ್ದೆಯಾಗುವುದನ್ನು ನೋಡಿ ನನಗೂ ಅಳು ಬಂತು.

"ಇದೇ" ಅಂದರು. "ಇದೇ ಕಣಮ್ಮ. ಕಾಡು ಅಂತ ನಾನು ಹುಡುಕ್ತಿದ್ದದ್ದು ಅವನು ಬಾಗ್ಲಲ್ಲಿ ಬಂದು ನಿಂತಾಗಿನ ಗಮಲು. ಹೊಗೆ, ಬೆವರು, ಅಂಟು, ಎಲ್ಲ ಸೇರಿದ್ದು. ನಾನು ಅದನ್ನ ತಣ್ಣನೆ ಕೋಣೇಲಿ ಹತ್ತಿ ಮೇಲೆ ಹುಡುಕ್ದೆ. ಅಂಟಿಗೆ ಮೈಯ ಬಿಸಿ ಬೇಕು, ಹೊತ್ತು ಬೇಕು. ಬೆಟ್ಟ ಎಲ್ಲಾದ್ರೂ ಮಡಿ ಮಾಡುತ್ತಾ?" ಆಮೇಲೆ ಗಾಬರಿಯಾಗಿ, "ಅಯ್ಯೋ, ಚೆಲ್ಲಿಬಿಟ್ಯಾ?" ಎಂದು ಕೇಳಿದರು.

"ಬೆರಣಿ ಹಿಂದೆ ಇದೆ" ಅಂದೆ. ನಮ್ಮ ಯಜಮಾನರು ಓಡಿದ ರಭಸಕ್ಕೆ ಬೆರಣಿಯ ಒಟ್ಟಿಲೇ ಉರುಳಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅತ್ತೆ ಹೊರಗೆ ಹೋದರು. ನಾನು ಬೆಳಿಗ್ಗೆ ಮೊಳೆಗೆ ಹಾಕಿದ್ದ ಮಲ್ಲಿಗೆಯನ್ನು ಹಿಡಿದು ಬಂದು ಮಾವನವರ ಎದುರು ನಿಂತರು.

"ಇಷ್ಟು ವರ್ಷ ಈ ಮೂಗಿಗೆ ಮಡಿ ಅಂತ ನನ್ನ ಮುಡಿ ಬರಿದಾಗಿಟ್ರಿ. ಈಗ ಆ ಮೂಗೇ ಬೆವರು ಬೇಕು ಅಂತಿದೆ. ನಾನೇನು ಮಾಡ್ಲಿ, ಹೇಳಿ."

ಮಾವನವರು ತಲೆ ತಗ್ಗಿಸಿ, "ಮುಡಿ" ಎಂದರು. ಅತ್ತೆ ದಂಡೆಯನ್ನು ಎರಡಾಗಿ ತುಂಡು ಮಾಡಿ, ಒಂದನ್ನು ನನ್ನ ಜಡೆಗೆ ಸಿಕ್ಕಿಸಿದರು. ಇನ್ನೊಂದನ್ನು ತಮ್ಮ ನರೆತ ತುರುಬಿಗೆ ಸಿಕ್ಕಿಸಲು ಹೋದರು, ಆದರೆ ಅಭ್ಯಾಸ ತಪ್ಪಿದ ಕೈಗೆ ಅದು ನಿಲ್ಲಲಿಲ್ಲ. ನಾನು ಮುಡಿಸಿದೆ.

ಹಂಡೆ ಉಳಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಅತ್ತರು ಇಳಿದರೆ ಮನೆಯವರೊಬ್ಬರು ಹಚ್ಚಿಕೊಂಡು ದಿನವೆಲ್ಲ ದುಡಿದು ಬರುತ್ತಾರೆ. ಸಂಜೆ ಬಾಗಿಲಲ್ಲಿ ಅವರನ್ನು ಮೂಸಿ ನೋಡಿಯೇ ತೀರ್ಮಾನ. ಮಾವನವರು ಕಲಿಸಿಕೊಟ್ಟರು, ಮೂಸುವವಳು ಈಗ ನಾನು. ಹೊಸಿಲ ಮೇಲೆ ಕೂತು ಕಾಯುವಾಗ ಆ ಮೊಳೆ ನನ್ನ ತಲೆಯ ಪಕ್ಕದಲ್ಲೇ ಇರುತ್ತದೆ. ಸಂಜೆಯ ಬಿಸಿಲಿಗೆ ಅದರ ನೆರಳು ಗೋಡೆಯ ಮೇಲೆ ಉದ್ದಕ್ಕೆ ಬೀಳುತ್ತದೆ, ಅದರಲ್ಲಿ ಏನೂ ನೇತಾಡುವುದಿಲ್ಲ.