ಬೆಳ್ಳಿಯಮ್ಮನ ಮಗ್ಗದ ಗೋಡೆ

ಆಡಿ ಗಾಳಿಗೆ, ಅಂದರೆ ಆಷಾಢದ ಗಾಳಿಗೆ, ಖಾರ ಅರೆಯೋ ಅಮ್ಮಿಕಲ್ಲೂ ಹಾರುತ್ತೆ ಅಂತಾರೆ. ಇನ್ನು ಗಂಜಿ ಹಾಕಿದ ನೂಲು ಯಾವ ಲೆಕ್ಕ? ಗಾಳಿಗೆ ಒಣಗಿತೋ, ಪಟಪಟ ಕಿತ್ತುಹೋಗುತ್ತೆ. ಅದಕ್ಕೇ ಕೊಯಮತ್ತೂರು ಹತ್ತಿರದ ಅನ್ನೂರು ಕಡೆ ನಮ್ಮ ನೇಕಾರರ ಮನೆಗಳಲ್ಲಿ ಮಗ್ಗದ ಕೋಣೆಯ ಕಿಟಕಿ ಮುಚ್ಚಿಯೇ ಇರುತ್ತೆ. ನೂಲು ಉಳಿದರೆ ಸಾಕು, ನೇಯುವವಳ ಕಣ್ಣು ಏನಾದರೂ ಆಗಲಿ.

ಅಂಥ ಕತ್ತಲಲ್ಲೇ ಬೆಳ್ಳಿಯಮ್ಮ ಇಪ್ಪತ್ತೆರಡು ವರ್ಷ ನೇಯ್ದಳು. ಕರೆಂಟ್ ಇದ್ದರೆ ಟ್ಯೂಬ್‌ಲೈಟು, ಅದೂ ಬೆನ್ನ ಹಿಂದೆ. ಕಿತ್ತ ಎಳೆ ಹುಡುಕೋಕೆ ಬಗ್ಗಿದರೆ ಅವಳ ನೆರಳೇ ಅಡ್ಡ. ಸಂಜೆಗೆ ತಲೆ ಸಿಡಿಯುತ್ತಿತ್ತು. ಈ ವರ್ಷ ನೇಯ್ಗೆ ತಪ್ಪಿದೆ ಅಂತ ಸೀರೆ ಕೊಳ್ಳೋ ನೇಕಾರರ ಸೊಸೈಟಿಯಿಂದ ಎರಡು ಸೀರೆ ವಾಪಸ್ ಬಂದವು.

"ಇನ್ನೊಂದು ಬಂದರೆ ಮಗ್ಗ ಮಾರಿಬಿಡ್ತೀನಿ. ಮಿಲ್ಲಿಗೆ ಕಸ ಗುಡಿಸೋಕೆ ಹೋಗು," ಅಂದ ಗಂಡ ವೇಲುಸಾಮಿ.

ವೇಲುಸಾಮಿಯ ತಮ್ಮನ ಮಗಳು ಧರಣಿ ಕೊಯಮತ್ತೂರಿನಲ್ಲಿ ಕಟ್ಟಡ ಕಟ್ಟೋ ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನಲ್ಲಿ ತಾವೇ ಮಾಡಿದ ಎಂಟು ಕಾಂಕ್ರೀಟ್ ಕಲ್ಲು ತಂದಳು.

"ಇದು ಬೆಳಕು ಬಿಡೋ ಕಾಂಕ್ರೀಟು, ದೊಡ್ಡಪ್ಪ. ಕೂದಲಿನಂಥ ಗಾಜಿನ ಎಳೆಗಳು ಈ ಮುಖದಿಂದ ಆ ಮುಖಕ್ಕೆ ಹಾದುಹೋಗಿವೆ. ಹೊರಗೆ ಬಿಸಿಲು ಬಿದ್ದರೆ ಒಳಗೆ ಬೆಳಕು. ಗಾಳಿ ಮಾತ್ರ ಬರಲ್ಲ."

"ಸಿಮೆಂಟಲ್ಲಿ ಬೆಳಕಾ? ನನ್ನ ಕಿವಿಗೆ ಹೂವು ಇಡಬೇಡಮ್ಮ."

ಆದರೂ ಪುಕ್ಕಟೆ ಬಂತಲ್ಲ, ಮಗ್ಗದ ಕೋಣೆಯ ಮೂಡಲ ಗೋಡೆಗೆ ಕೂರಿಸಿದ. ಕಲ್ಲಿನ ಮೇಲೆ ಗಾರೆ ಸಾರಣೆ ಮಾಡಬೇಡಿ ಅಂತ ಹತ್ತು ಸಲ ಹೇಳಿ ಧರಣಿ ಪರೀಕ್ಷೆಗೆ ಹೋದಳು.

ತಿಂಗಳಾಯಿತು. ಕೋಣೆ ಹಾಗೇ ಕತ್ತಲು. ಮೂರನೆಯ ಸೀರೆಯೂ ವಾಪಸ್ ಬಂತು. "ಕಲ್ಲಿಗೂ ಬೆಳಕಿಲ್ಲ, ನಿನ್ನ ಕಣ್ಣಿಗೂ ಇಲ್ಲ," ಅಂತ ಬೈದು ವೇಲುಸಾಮಿ ಮಗ್ಗಕ್ಕೆ ಗಿರಾಕಿ ಹುಡುಕಿದ.

ಭಾನುವಾರ ಬೆಳಗ್ಗೆ ಧರಣಿ ಬಂದವಳು ನೇರ ಗೋಡೆಯ ಹೊರಗೆ ಹೋದಳು. ಕಲ್ಲುಗಳ ಮೇಲೆ ಸಾರಣೆ, ಅದರ ಮೇಲೆ ಸುಣ್ಣ.

"ಏನು ದೊಡ್ಡಪ್ಪ ಇದು?"

"ಬರೀ ಕಲ್ಲು ಕಾಣೋ ಹಾಗೆ ಬಿಟ್ಟರೆ ಬೀದಿಯವರು ನಗಲ್ವಾ?"

ಧರಣಿ ಉಳಿ ಸುತ್ತಿಗೆ ತಗೊಂಡು ಕೆತ್ತಿದಳು, ಒರೆಸಿದಳು. ಒಳಗೆ ಒಂದೊಂದೇ ಕಲ್ಲು ಬೆಳಗಿತು. ಟ್ಯೂಬ್‌ಲೈಟಿನಷ್ಟು ಅಲ್ಲ, ಆದರೆ ಬೆಳಕು ಪಕ್ಕದಿಂದ ಬಂದು ನೂಲಿನ ಮೇಲೆ ಬಿತ್ತು. ಬೆಳ್ಳಿಯಮ್ಮ ಕಿತ್ತ ಎಳೆಯನ್ನ ಒಂದೇ ನೋಟಕ್ಕೆ ಹಿಡಿದು ಗಂಟು ಹಾಕಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಗೋಡೆ ಕೆತ್ತಿದ್ದಾಯ್ತು. ನನಗೆ ಬಿದ್ದ ಬೈಗುಳ ಯಾವ ಉಳಿಯಲ್ಲಿ ಕೆತ್ತಿ ತೆಗೀತೀರಿ?"

ವೇಲುಸಾಮಿ ಫೋನ್ ತೆಗೆದು, ಮಗ್ಗ ಮಾರಲ್ಲ ಅಂತ ಗಿರಾಕಿಗೆ ಹೇಳಿದ. ಹೆಂಡತಿಯ ಹತ್ತಿರ ತಪ್ಪಾಯ್ತು ಅನ್ನಲಿಲ್ಲ. ಅವಳೂ ಕಾಯಲಿಲ್ಲ, ಮಗ್ಗಕ್ಕೆ ಕೂತು ಲಾಳಿ ಎಸೆದು ನೇಯತೊಡಗಿದಳು.

ಅಣ್ಣಂದಿರೇ, ಅಕ್ಕಂದಿರೇ, ಈ ಕಲ್ಲಿಗೆ ಮಾಮೂಲಿ ಕಲ್ಲಿಗಿಂತ ಖರ್ಚು ಜಾಸ್ತಿ. ಸಿಮೆಂಟು ಸಿಮೆಂಟೇ, ಅದನ್ನ ಸುಡೋ ಹೊಗೆಯ ಭಾರ ಭೂಮಿಗೆ ಇದ್ದೇ ಇದೆ. ಆದರೆ ಹಗಲು ಹೊತ್ತು ದೀಪ ಉರಿಸೋದು ಕಡಿಮೆಯಾಗುತ್ತೆ. ಬಿಸಿಲು ಬೀಳೋ ಗೋಡೆಗೇ ಕೂರಿಸಿ. ಎರಡೂ ಮುಖ ಬರಿದಾಗಿ ಬಿಡಿ. ತಿಳಿದವರನ್ನ ಕೇಳಿ ಕಟ್ಟಿ. ಕಲ್ಲು ಸಿಗದಿದ್ದರೆ ಕಿಟಕಿಗೆ ಗಾಜು ಹಾಕಿ, ಇಲ್ಲವೇ ಬೆನ್ನ ಹಿಂದಿನ ದೀಪವನ್ನಾದರೂ ಮುಂದಕ್ಕೆ ತನ್ನಿ. ಮನೆಯ ಹೆಂಗಸನ್ನ ಕತ್ತಲಲ್ಲಿ ಕೂರಿಸಿ, ಅವಳ ಕೆಲಸದಲ್ಲಿ ತಪ್ಪು ಹುಡುಕಬೇಡಿ.