ಮಿಲಾನಿನಲ್ಲಿ ಹದಿಮೂರು ನಿಮಿಷ

ನನಗೆ ಅರುವತ್ತೆಂಟು ಆಗಿರಬಹುದು, ಆದರೆ ಈ ಯುಜಿನ್‌ಗೆ ಟೈಂಟೇಬಲ್ ಓದಲು ಬರುವುದಿಲ್ಲ ಎಂದು ಯಾರೂ ಹೇಳಬಾರದು. ವಿಮಾನದಲ್ಲಿ ಜೂರಿಕ್, ಅಲ್ಲಿ ಅಣ್ಣನ ಮಗ ಲಾಯ್ಡ್‌ನ ಮನೆಯಲ್ಲಿ ಎರಡು ದಿನ. ಮತ್ತೆ ಮಿಲಾನ್‌ಗೆ ಒಂದು ರೈಲು, ಅಲ್ಲಿ ಇಳಿದು ಟುರಿನ್‌ಗೆ ಇನ್ನೊಂದು. ನಡುವೆ ಹದಿಮೂರು ನಿಮಿಷ. ಇಲ್ಲೇ ದುಬೈಯ ಮಿರ್ದಿಫ್‌ನಲ್ಲಿರುವ ಮಗಳು ವೆಲಿಟಾ, ಈ ವಯಸ್ಸಿನಲ್ಲಿ ಅದು ನಿಮ್ಮಿಂದಾಗದು, ಪ್ಯಾಕೇಜ್ ಟೂರ್ ಮಾಡಿ ಎಂದಳು. ಬಾವುಟ ಹಿಡಿದವನ ಹಿಂದೆ ಕುರಿಗಳ ಹಾಗೆ ಹೋಗುವ ಜನ ಬೇರೆ, ನಾನು ಬೇರೆ ಎಂದು ರೇಗಿದೆ.

ಟುರಿನ್‌ನ ಕಾನ್ವೆಂಟಿನಲ್ಲಿ ನನ್ನ ಹೆಂಡತಿ ರೊಸಲಿನ್‌ಳ ತಂಗಿ ಗ್ರೇಸಿ ಸಿಸ್ಟರ್ ಆಗಿದ್ದಾಳೆ. ಅಕ್ಕತಂಗಿಯರು ಕೂತು ಮಾತಾಡಿ ಹದಿನಾಲ್ಕು ವರ್ಷವಾಯಿತು. ಈಚೆಗೆ ರೊಸಲಿನ್‌ಗೆ ಮರೆವು. ಮೊದಲು ಗ್ಯಾಸ್ ಆರಿಸುವುದನ್ನು ಮರೆತಳು, ಆಮೇಲೆ ಪಕ್ಕದ ಫ್ಲ್ಯಾಟಿನವರ ಹೆಸರು. ಇದು ಹೆಚ್ಚಾಗುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಅವಳಿಗೆ ತಂಗಿಯ ಗುರುತು ಇರುವಾಗಲೇ ಇಬ್ಬರನ್ನೂ ಸೇರಿಸಬೇಕು, ನನಗೆ ಬೇಕಾದದ್ದು ಅಷ್ಟೇ. ಡಾಕ್ಟರ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ವೆಲಿಟಾಗೆ ತಿಳಿದರೆ ಪಾಸ್‌ಪೋರ್ಟನ್ನೇ ಅಡಗಿಸಿಟ್ಟಾಳು.

ಹದಿಮೂರು ನಿಮಿಷದ ಅಭ್ಯಾಸಕ್ಕೆ ದುಬೈ ಮೆಟ್ರೋ ಧಾರಾಳ ಸಾಕು ಎಂದುಕೊಂಡೆ. ಕರಾಮದ ನಮ್ಮ ಮನೆ ಹತ್ತಿರ ಹತ್ತುವುದು, ಯೂನಿಯನ್ ಸ್ಟೇಷನ್ನಿನಲ್ಲಿ ಇಳಿಯುವುದು, ಪೆಟ್ಟಿಗೆ ಎಳೆದುಕೊಂಡು ಇನ್ನೊಂದು ಲೈನಿನ ರೈಲು ಹಿಡಿಯುವುದು. ಮೊದಲ ಎರಡು ದಿನವೂ ನಾನು, ರೊಸಲಿನ್ ಒಂಬತ್ತು ನಿಮಿಷದೊಳಗೆ ಮುಗಿಸಿದೆವು. ನನ್ನ ಜಂಬ ಕೇಳಬೇಡಿ.

ಮೂರನೆಯ ದಿನ ಬೆಳಿಗ್ಗೆ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೊಸಲಿನ್ ನನ್ನ ಕೈ ಬಿಟ್ಟು ಹೆಂಗಸರ ಬೋಗಿಗೆ ಹೋದಳು. ಮೆಟ್ರೋ ಶುರುವಾದಾಗಿನಿಂದ ರಶ್ಶಿನಲ್ಲಿ ನಮ್ಮ ಪದ್ಧತಿಯೇ ಅದು. ಅವಳು ಆ ಬೋಗಿ, ನಾನು ಗಂಡಸರ ನಡುವೆ, ಇಳಿದ ಮೇಲೆ ಎಸ್ಕಲೇಟರ್ ಹತ್ತಿರ ಭೇಟಿ. ಹಾಗಾಗಿ ನನಗೆ ಏನೂ ಅನ್ನಿಸಲೇ ಇಲ್ಲ. ಬುದ್ಧಿಗೆ ಮಂಕು ಬಡಿದಿತ್ತು. ಯೂನಿಯನ್‌ನಲ್ಲಿ ಇಳಿದೆ, ರೈಲು ಹೋಯಿತು, ಎಸ್ಕಲೇಟರ್ ಹತ್ತಿರ ಅವಳಿಲ್ಲ. ಫೋನು ಮಾಡಿದರೆ ಅದು ನಾನು ಎಳೆಯುತ್ತಿದ್ದ ಪೆಟ್ಟಿಗೆಯೊಳಗೇ ಹೊಡೆದುಕೊಂಡಿತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಬೈದುಕೊಂಡು ಸ್ಟೇಷನ್ನಿನವರ ಬಳಿ ಓಡಿದೆ.

ಕೊನೆಯ ಸ್ಟೇಷನ್ನಿನಲ್ಲಿ ಸಿಕ್ಕಿದಳು. ಅಲ್ಲಿಯವರು ನೀರು ಕೊಟ್ಟು ಬೆಂಚಿನಲ್ಲಿ ಕೂರಿಸಿದ್ದರು. ನನ್ನನ್ನು ಕಂಡು ಎದ್ದಳು, ಮುಖದಲ್ಲಿ ಗಾಬರಿಯೇ ಇರಲಿಲ್ಲ.

"ಟುರಿನ್ ಬಂತಲ್ಲ," ಎಂದಳು. "ಗ್ರೇಸಿ ಎಲ್ಲಿ?"

ನನ್ನ ಜಂಬವೆಲ್ಲ ಅಲ್ಲಿಗೆ ಖಲಾಸ್. ಅದೇ ಬೆಂಚಿನಲ್ಲಿ ಕೂತು ಗ್ರೇಸಿಗೆ ವಿಡಿಯೊ ಕಾಲ್ ಮಾಡಿದೆ. ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ, ನಾಚಿಕೆ ಬಿಟ್ಟು ಅತ್ತೆ. ರೈಲೂ ಬೇಡ, ಎಂತದೂ ಬೇಡ, ರಜೆ ಕೇಳಿ ನೀನೇ ಹೊರಟು ಬಾ ಎಂದೆ. ಗ್ರೇಸಿಗೂ ಅಳು ತಡೆಯಲಾಗಲಿಲ್ಲ. ಭಾವ, ಒಮ್ಮೆ ಅಕ್ಕನ ಕೈಗೆ ಕೊಡಿ ಎಂದಳು.

ರೊಸಲಿನ್ ಫೋನು ಹಿಡಿದು ಆ ಮುಖವನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ನನಗೆ ವಾಪಸು ಕೊಟ್ಟಳು.

"ಯಾರೋ ಅಳ್ತಾ ಇದ್ದಾರೆ, ಪಾಪ. ನೀವೇ ಮಾತಾಡಿ," ಎಂದಳು. "ನಾನು ಗ್ರೇಸಿ ಬಂದಳಾ ನೋಡ್ತೇನೆ."