ಬಡಿಸಬಾರದ ಕೈ

ಮೋಕ್ಷಿತ್ ಮೂರನೆಯ ಏಟಿಗೆ ಬೊಂಡದ ತಲೆ ಹಾರಿಸಿದ. ಅರ್ಧ ಎಳನೀರು ಅವನ ಪಂಚೆಯ ಮೇಲೆಯೇ ಚೆಲ್ಲಿತು. ಅವನ ಸೋದರತ್ತೆ ಗುಲಾಬಿ, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ, ತುಳಸಿಯ ಕುಡಿಯೊಂದನ್ನು ಅದ್ದಿಕೊಂಡು, ಚಾವಡಿಯ ನಡುವೆ ಮಲಗಿದ್ದ ಅತ್ತಿಗೆಯ ತಲೆಯ ಬಳಿ ಕುಳಿತಳು. ನಿನ್ನೆ ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಕುಳಿತಲ್ಲೇ ವಾಲಿದ ಕುಶಲಾ, ಆಸ್ಪತ್ರೆಗೆ ಒಯ್ಯುವಷ್ಟೂ ಪುರುಸೊತ್ತು ಕೊಡದೆ ಹೋಗಿಬಿಟ್ಟಿದ್ದಳು.

"ಮಕ್ಕಳು ಮೊದಲು ಬನ್ನಿ," ಎಂದರು ಸಂಕಪ್ಪ. ಕೊಟ್ಟಾರದ ಆ ಓಣಿಯಲ್ಲಿ ಯಾರು ಸತ್ತರೂ ಕ್ರಮ ಹೇಳಿಕೊಡಲು ಬರುವವರು ಅವರೇ. "ಮಕ್ಕಳ ಕೈಯಿಂದ ಬಾಯಿಗೆ ನೀರು ಬೀಳಬೇಕು. ಆಮೇಲೆ ಉಳಿದವರು."

ಮೋಕ್ಷಿತ್ ಬಿಟ್ಟ ನೀರು ಅಮ್ಮನ ತುಟಿಯ ಅಂಚಿನಿಂದ ಇಳಿದು ಕಿವಿಯ ಹಿಂದೆ ಹೋಯಿತು. ಗುಲಾಬಿ ಸೆರಗಿನಿಂದ ಒರೆಸಿ, ಲೋಟವನ್ನು ಅಂಗಳದ ಕಡೆ ಚಾಚಿದಳು.

"ಅನುಷ್ಕಾ, ಬಾ ಮಗಾ."

ಅನುಷ್ಕಾ ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ನಿಂತಿದ್ದಳು. ಸುರತ್ಕಲ್‌ನಿಂದ ಬರುವಾಗ ಹೆಗಲಿಗೆ ಹಾಕಿದ್ದ ಬ್ಯಾಗನ್ನು ಇನ್ನೂ ಇಳಿಸಿರಲಿಲ್ಲ.

"ನಾನು ನೀರು ಬಿಡುವುದಿಲ್ಲ ಮಾಮಿ."

"ಎಂತ ಹೇಳ್ತಿ?"

"ನೋಡ್ಲಿಕ್ಕೆ ಬಂದದ್ದು. ನೋಡಿ ಆಯ್ತು."

ಚಾಪೆಯ ಮೇಲಿದ್ದ ಹೆಂಗಸರು ಒಬ್ಬರ ಕಿವಿಗೊಬ್ಬರು ಬಾಗಿದರು.

"ಮೂರು ವರ್ಷದಿಂದ ಅಮ್ಮನ ಹತ್ರ ಮಾತಿಲ್ಲವಂತೆ."

"ಎರಡು ಸಲ ಹೊಟ್ಟೆಯಲ್ಲೇ ಹೋಯಿತಲ್ಲ ಪಾಪ ಅವಳಿಗೆ. ಕುಶಲಕ್ಕ ಹಿಂದೆ ಒಂದು ತೆಗೆಸಿದ್ದು ಉಂಟಲ್ಲ, ಅದು ಪ್ರೇತವಾಗಿದೆ, ಆ ಕುಲೆ ಬಿಡುವುದಿಲ್ಲ ಅಂತ ಜೋಯಿಸರ ಪ್ರಶ್ನೆಯಲ್ಲಿ ಬಂದದ್ದು."

"ಡಾಕ್ಟರು ಥೈರಾಯ್ಡ್ ಅಂತ ಹೇಳಿದ್ದಲ್ವಾ?"

"ಡಾಕ್ಟರಿಗೆ ಕುಲೆ ಕಾಣ್ತದಾ ಮಾರಾಯ್ತಿ?"

ಹೆಂಡತಿಯ ಕಾಲಬುಡದಲ್ಲಿ ಕುಳಿತಿದ್ದ ಮೋಹನದಾಸನಿಗೆ ಎಲ್ಲವೂ ಕೇಳಿಸುತ್ತಿತ್ತು. ಅರವತ್ತೇಳು ವಯಸ್ಸಾದರೂ ಕಿವಿ ಮಾತ್ರ ದೇವರ ದಯೆಯಿಂದ ಚೆನ್ನಾಗಿಯೇ ಇದೆ. ಅವರಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿತ್ತು. ಅದನ್ನು ಈಗ ಎದ್ದು ನಿಂತು ಹೇಳಿದರೆ ಮಗಳು ಬಂದು ನೀರು ಬಿಡುತ್ತಾಳೆ. ಇಷ್ಟೇ ಕೆಲಸ.

ಸಂಕಪ್ಪನ ಮೊಬೈಲು ಬಡಿದುಕೊಂಡಿತು. ಹೆಣ ಒಯ್ಯುವ ವ್ಯಾನು ನಂತೂರಿನಲ್ಲಿ ಸಿಕ್ಕಿಬಿದ್ದಿದೆಯಂತೆ, ಯಾವುದೋ ಟ್ಯಾಂಕರು ಅಡ್ಡ ನಿಂತಿದೆಯಂತೆ.

"ಅರ್ಧ ಗಂಟೆ ಸಿಕ್ಕಿತು ಮೋಹನಣ್ಣ. ಅಷ್ಟರಲ್ಲಿ ಹುಡುಗಿಗೆ ನೀವೇ ಸ್ವಲ್ಪ ಹೇಳಿ. ಅಪ್ಪ ಹೇಳಿದ್ರೆ ಕೇಳ್ತಾಳೆ."

*

ಮಸ್ಕತ್‌ನಲ್ಲಿದ್ದಾಗ ಮೋಹನದಾಸ ಪ್ರತಿ ಶುಕ್ರವಾರ ಮೊಯ್ದೀನಬ್ಬನ ಅಂಗಡಿಗೆ ಫೋನು ಮಾಡುತ್ತಿದ್ದ. ಓಣಿಗೆಲ್ಲ ಇದ್ದದ್ದು ಅದೊಂದೇ ಫೋನು. ಮೊಯ್ದೀನಬ್ಬ ಹುಡುಗಿಯೊಬ್ಬಳನ್ನು ಕಳಿಸಿ ಕುಶಲಳನ್ನು ಕರೆಸುತ್ತಿದ್ದ. ಅವಳು ಮಾತಾಡುವಷ್ಟು ಹೊತ್ತು ತಾನು ಹೊರಗೆ ಹೋಗಿ ಬೀಡಿ ಸೇದುವ ಮರ್ಯಾದೆ ಅವನಿಗಿತ್ತು.

ತೊಂಬತ್ತನಾಲ್ಕರ ಒಂದು ಶುಕ್ರವಾರ, ರಜೆ ಮುಗಿಸಿ ಅವನು ವಾಪಸು ಹೋಗಿ ಎರಡು ತಿಂಗಳಾಗಿತ್ತು, ಅವಳು ತಗ್ಗಿದ ದನಿಯಲ್ಲಿ, "ನಿಂತಿದೆ," ಎಂದಳು.

ಅವನಿಗೆ ಮೊದಲು ಅನಿಸಿದ್ದು ಸಂತೋಷವಲ್ಲ, ಕಿರಿಕಿರಿ. ಮೋಕ್ಷಿತ್‌ಗೆ ನಾಲ್ಕು, ಅನುಷ್ಕಳಿಗೆ ಇನ್ನೂ ಎರಡು ತುಂಬಿಲ್ಲ. ದುಬೈಯ ಹೊಸ ಕೆಲಸಕ್ಕೆ ಮಾತಾಗಿತ್ತು. ಹೋದರೆ ಎರಡು ವರ್ಷ ರಜೆ ಸಿಗುವ ಹಾಗಿಲ್ಲ.

"ಈಗ ಬೇಡ ಕುಶಲಾ. ತೆಗೆಸು."

ಫೋನು ಕಟ್ಟಾಯಿತೆಂದುಕೊಂಡು ಅವನು ಎರಡು ಸಲ ಹಲೋ ಎಂದ.

"ನನಗೆ ಮನಸ್ಸಿಲ್ಲ," ಎಂದಳು. ಆಮೇಲೆ, "ಅತ್ತೆ ಕೇಳಿದ್ರೆ ಎಂತ ಹೇಳುವುದು?"

"ನೀನು ಎಂತದೂ ಹೇಳ್ಬೇಡ. ನಾನು ಬಂದು ಹೇಳ್ತೇನೆ."

ಪಕ್ಕದ ಮನೆಯ ಬಾಗಿಯನ್ನು ಕರೆದುಕೊಂಡು ಅವಳು ಯಾವುದೋ ನರ್ಸಿಂಗ್ ಹೋಮಿಗೆ ಹೋಗಿ ಬಂದಳು. ಸಂಜೆಯೇ ಅತ್ತೆಗೆ ಗೊತ್ತಾಯಿತು. ಬೈದರು, ಅತ್ತರು, ಕೊನೆಗೆ ತೀರ್ಮಾನ ಕೊಟ್ಟರು. ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವ ದಿನ ಒಂದುಂಟು. ಬಡಿಸುವವಳು ಮನೆಯ ಸೊಸೆ. ಇನ್ನು ಮೇಲೆ ಈ ಸೊಸೆ ಬಡಿಸಬಾರದು. ಹುಟ್ಟಬೇಕಾದ ಜೀವವನ್ನು ತೆಗೆದ ಕೈಯಿಂದ ಹಿರಿಯರು ಅನ್ನ ಮುಟ್ಟುವುದಿಲ್ಲ.

ಅವನು ಊರಿಗೆ ಬಂದದ್ದು ಎರಡು ವರ್ಷದ ಮೇಲೆ. ಮೊದಲ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಮ್ಮ ಶುರುಮಾಡಿದರು.

"ನಿನ್ನ ಹೆಂಡತಿ ನಿನ್ನನ್ನು ಒಂದು ಮಾತು ಕೇಳದೆ ಮಾಡಿದ ಕೆಲಸ ಗೊತ್ತುಂಟಾ ನಿನಗೆ?"

ಕುಶಲಾ ಅನ್ನದ ಪಾತ್ರೆ ಹಿಡಿದು ಅಡಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಅವನನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಕಾದದ್ದು ಈಗ ಬಂತು ಎಂಬ ಹಾಗಿತ್ತು ಆ ಮುಖ. ಅವನು ತಟ್ಟೆಯಲ್ಲಿದ್ದ ಬಂಗುಡೆಯ ಮುಳ್ಳು ಬಿಡಿಸುತ್ತಾ ಹೇಳಿದ.

"ಆದದ್ದು ಆಯ್ತಲ್ಲ ಅಮ್ಮ. ಬಿಡಿ ಅದನ್ನು."

ಅಮ್ಮನ ಕಣ್ಣಲ್ಲಿ ಮಗ ಅವತ್ತು ಇನ್ನಷ್ಟು ಒಳ್ಳೆಯವನಾದ. ಕುಶಲಾ ಅನ್ನ ಬಡಿಸಿ ಒಳಗೆ ಹೋದಳು. ಆ ವಿಷಯವನ್ನು ಅವಳು ಮತ್ತೆಂದೂ ಎತ್ತಲಿಲ್ಲ.

*

ಸಿಕ್ಕಿದ ಅರ್ಧ ಗಂಟೆಯಲ್ಲಿ ಮೋಹನದಾಸ ಮೊದಲು ಒಂದು ಲೋಟ ನೀರು ಕುಡಿದ. ಕನ್ನಡಕ ಕೋಣೆಯಲ್ಲಿ ಉಳಿದಿದೆಯೆಂದು ಹುಡುಕಲು ಹೋದ, ಅದು ಜೇಬಿನಲ್ಲೇ ಇತ್ತು. ಹಿತ್ತಿಲಿಗೆ ಹೋಗಿ ಮುಖ ತೊಳೆದ.

ಹಿತ್ತಿಲಲ್ಲಿ ಬಸಳೆಯ ಚಪ್ಪರ. ಅವನ ಅಮ್ಮ ಸತ್ತು ಹನ್ನೆರಡು ವರ್ಷವಾದ ಮೇಲೂ ಕುಶಲಾ ಆಟಿಯ ದಿನ ಬಡಿಸಲು ಒಪ್ಪಿರಲಿಲ್ಲ. ಬೆಳಿಗ್ಗೆಯಿಂದ ಅಷ್ಟನ್ನೂ ಬೇಯಿಸಿ, ಗುಲಾಬಿಯ ಕೈಗೆ ಸೌಟು ಕೊಟ್ಟು, ಅಡಿಗೆಕೋಣೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ತಮ್ಮ ಅಮ್ಮನಿಗೆ ಏನೋ ಹರಕೆ ಇದೆಯೆಂದೇ ಮಕ್ಕಳು ತಿಳಿದಿದ್ದರು. ಎಲ್ಲರೂ ಕೈ ಮುಗಿದು ಹೊರಗೆ ಹೋದ ಮೇಲೆ ಅವಳು ಬಾಳೆಯ ಕುಡಿಯನ್ನು ಅಂಗೈಯಗಲ ಹರಿದು, ಹಾಲು ಕಲಸಿದ ಅನ್ನ ಹಾಕಿ, ಈ ಬಸಳೆಯ ಬುಡದಲ್ಲಿಡುತ್ತಿದ್ದಳು. ಮೋಹನದಾಸ ಕಿಟಕಿಯಿಂದ ಅದನ್ನು ಎಷ್ಟೋ ಸಲ ನೋಡಿದ್ದ, ನೋಡಿ ಪೇಪರು ಎತ್ತಿಕೊಂಡಿದ್ದ.

"ಹೇಳಿದ್ರಾ?"

ಬೇಲಿಯ ಬಳಿ ಪಕ್ಕದ ಮನೆಯ ಬಾಗಿ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಅತ್ತತ್ತು ಕಣ್ಣು ಕೆಂಪಾಗಿತ್ತು.

"ಎಂತದು?"

"ನನ್ನ ಹತ್ರ ನಾಟಕ ಬೇಡ ಮೋಹನಣ್ಣ. ಅವಳನ್ನು ರಿಕ್ಷದಲ್ಲಿ ಕರಕೊಂಡು ಹೋದವಳು ನಾನು. ದಾರಿಯುದ್ದಕ್ಕೂ ಅತ್ತಿದ್ದಾಳೆ. ನಾನೂ ಎರಡು ತೆಗೆಸಿದ್ದೇನೆ. ನನ್ನವರು ಜೊತೆಯಲ್ಲಿ ಬಂದು ಹೊರಗೆ ಬೆಂಚಿನಲ್ಲಿ ಕೂತಿದ್ರು. ಯಾವ ಕುಲೆಯೂ ನನ್ನನ್ನು ಕೇಳ್ಲಿಕ್ಕೆ ಬರಲಿಲ್ಲ." ಅವಳು ಮೂಗೊರೆಸಿಕೊಂಡಳು. "ಆಣೆ ಹಾಕಿಸಿದ್ದಾಳೆ, ಇಲ್ಲದಿದ್ರೆ ನಾನೇ ಹೇಳ್ತಿದ್ದೆ. ಹೋಗಿ. ಇವತ್ತಾದ್ರೂ ಹೇಳಿ."

ಅವನು ಅಂಗಳಕ್ಕೆ ಬಂದ. ಇನ್ನು ಹೇಳಿಯೇಬಿಡುವುದು ಎಂದುಕೊಂಡೇ ಬಂದ. ಆದರೆ ಬಾಯಿ ತೆರೆಯುವ ಮೊದಲೇ ಅನುಷ್ಕಾ ಅವನ ಕೈ ಹಿಡಿದುಕೊಂಡಳು.

"ಪಪ್ಪ, ನೀವು ಎಂತದೂ ಹೇಳ್ಬೇಡಿ. ನೀವು ಕ್ಷಮಿಸಿದ್ದೀರಿ, ನಿಮ್ಮದು ದೊಡ್ಡ ಮನಸ್ಸು. ನನಗೆ ಆಗುವುದಿಲ್ಲ. ಎರಡನೆಯ ಸಲ ಹೋದಾಗ ಐದು ತಿಂಗಳಾಗಿತ್ತು ಪಪ್ಪ. ಹುಡುಗಿ. ಬೆರಳೆಲ್ಲ ಇತ್ತು. ಇವರು ಬೇಡ ಅಂತ ತೆಗೆದು ಬಿಸಾಡಿದ್ದಕ್ಕೆ ನನ್ನದು ಯಾಕೆ ಹೋಗ್ಬೇಕಿತ್ತು?"

ಮಗಳ ಕೈ ಬೆಚ್ಚಗಿತ್ತು. ನಿನ್ನೆಯಿಂದ ಅವನನ್ನು ಮುಟ್ಟಿದ ಕೈಗಳಲ್ಲಿ ಬೆಚ್ಚಗಿದ್ದದ್ದು ಇದೊಂದೇ. ಹೇಳಿದರೆ ಅವಳು ಈ ಕೈಯನ್ನು ಬಿಟ್ಟುಬಿಡುತ್ತಾಳೆ. ಮೋಹನದಾಸನಿಗೆ ಭಯವಾಯಿತು. ಹೆಂಡತಿ ಹೋದ ದಿನವೇ ಮಗಳನ್ನೂ ಕಳೆದುಕೊಳ್ಳುವ ಭಯ.

*

ಮೂರು ವರ್ಷದ ಹಿಂದೆ ಇದೇ ಚಾವಡಿಯಲ್ಲಿ ಜೋಯಿಸರು ಕವಡೆ ಹರಡಿ ಕುಳಿತಿದ್ದರು. ಅನುಷ್ಕಾ ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತಷ್ಟೆ.

"ಹುಟ್ಟದೆ ಹೋದ ಒಂದು ಮಗು ಕಾಣ್ತದೆ. ಈ ಹುಡುಗಿಯದ್ದಲ್ಲ, ಹಳೆಯದು. ಯಾರದ್ದು?"

ಕುಶಲಾ ಒಮ್ಮೆ ಗಂಡನ ಕಡೆ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯಿತ್ತು. ಅವನು ಶಾಲಿನ ಅಂಚನ್ನು ಮಡಚಿ ಬಿಡಿಸಿ, ಬಿಡಿಸಿ ಮಡಚಿದ.

"ನನ್ನದು," ಎಂದಳು ಕುಶಲಾ. "ನಾನೇ ತೆಗೆಸಿದ್ದು. ಇವರು ಊರಲ್ಲಿರಲಿಲ್ಲ. ಇವರಿಗೆ ಗೊತ್ತಿರಲಿಲ್ಲ."

ಅನುಷ್ಕಾ ಎದ್ದು ಹೋದಳು. ಆಮೇಲೆ ಅಮ್ಮನ ಫೋನು ಎತ್ತಲಿಲ್ಲ. ಜೋಯಿಸರು ಹೇಳಿದ ಪರಿಹಾರವೆಲ್ಲ ಆಯಿತು. ಕುಶಲಾ ದೇವಸ್ಥಾನದ ಒಳಗೆ ಹೋಗುವುದನ್ನೇ ನಿಲ್ಲಿಸಿ ಹೊರಗಿನ ಜಗಲಿಯಲ್ಲಿ ಕೂರುತ್ತಿದ್ದಳು. ಪ್ರಸಾದವನ್ನು ಗಂಡನೇ ತಂದು ಕೊಡುತ್ತಿದ್ದ. ಎಂತಹ ಗಂಡ ಎಂದು ಜನ ಹೊಗಳುತ್ತಿದ್ದರು.

*

ವ್ಯಾನಿನ ಹಾರನ್ ಕೇಳಿಸಿತು.

"ಆಯ್ತಾ?" ಎಂದು ಸಂಕಪ್ಪ ದೂರದಿಂದ ಕಣ್ಣಲ್ಲೇ ಕೇಳಿದರು. ಮೋಹನದಾಸ ಇಲ್ಲವೆಂದು ತಲೆಯಾಡಿಸಿದ. ಗುಲಾಬಿ ಲೋಟದಲ್ಲಿ ಉಳಿದಿದ್ದ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿದಳು. ನಾಲ್ಕು ಜನ ಎತ್ತಿದರು. ಕುಶಲಾ ಹಗುರವಿದ್ದಳು.

ಬೋಳೂರಿನ ಸ್ಮಶಾನದಲ್ಲಿ ಮೋಕ್ಷಿತ್ ಕೊಳ್ಳಿ ಇಟ್ಟ. ಕಟ್ಟಿಗೆ ಒಣಗಿತ್ತು, ಬೇಗ ಹಿಡಿಯಿತು. ಬೆಂಕಿ ಅವಳ ಮುಖದ ಹತ್ತಿರ ಬಂದಾಗ ಮೋಹನದಾಸನಿಗೆ ಒಮ್ಮೆಲೇ ಅರ್ಥವಾಯಿತು, ಇನ್ನು ತಾನು ಯಾರ ಎದುರು ಹೇಳಿದರೂ ಅದನ್ನು ಇವಳು ಕೇಳಿಸಿಕೊಳ್ಳುವುದಿಲ್ಲ. ಅವನು ಅಳಲು ಶುರುಮಾಡಿದ. ಪಕ್ಕದಲ್ಲಿದ್ದವರು ಬೆನ್ನು ಸವರಿದರು. ಅಷ್ಟು ಪ್ರೀತಿ ಇತ್ತು ಅವರಿಬ್ಬರಲ್ಲಿ ಎಂದು ಯಾರೋ ಅಂದರು.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಅವನು ಅನುಷ್ಕಳನ್ನು ಹಿತ್ತಿಲಿಗೆ ಕರೆದ. ಬಸಳೆಯ ಬುಡದಲ್ಲಿ ನಿಂತು ಎಲ್ಲವನ್ನೂ ಹೇಳಿದ. ಮೊಯ್ದೀನಬ್ಬನ ಫೋನು, ತೆಗೆಸು ಎಂದದ್ದು, ನಾನು ಬಂದು ಹೇಳ್ತೇನೆ ಎಂದದ್ದು, ಬಂಗುಡೆಯ ಮುಳ್ಳು, ಕವಡೆಯ ದಿನ. ಹೇಳುತ್ತಾ ಹೋದ ಹಾಗೆ ಹಗುರಾಗುತ್ತೇನೆ ಎಂದುಕೊಂಡಿದ್ದ, ಆಗಲಿಲ್ಲ.

ಅನುಷ್ಕಾ ಅಳಲಿಲ್ಲ.

"ಬೆಳಿಗ್ಗೆ ನಾನು ನಿಮ್ಮ ಕೈ ಹಿಡ್ಕೊಂಡಿದ್ದೆ," ಎಂದಳು.

"ಹೌದು ಮಗಾ."

"ಆಗ ಅಮ್ಮ ಇಲ್ಲೇ ಇದ್ರು."

"ನನ್ನನ್ನು ಕ್ಷಮಿಸು."

"ನಾನು ಯಾರು ಕ್ಷಮಿಸ್ಲಿಕ್ಕೆ? ನನ್ನನ್ನು ಯಾರು ಕ್ಷಮಿಸ್ಬೇಕು ಅಂತ ನಿಮಗೆ ಗೊತ್ತುಂಟಾ ಪಪ್ಪ? ಮೂರು ವರ್ಷ ಫೋನು ಮಾಡಿದ್ದಾರೆ. ದಿನಾ ಮಾಡಿದ್ದಾರೆ."

ಅವಳು ಬಾಳೆಯ ಬುಡಕ್ಕೆ ಹೋಗಿ ಒಂದು ಎಲೆ ಕೊಯ್ದಳು. ಒಂದು ಹೆಜ್ಜೆ ಹೋದವಳು ತಿರುಗಿ ಬಂದು ಪುಟ್ಟ ಕುಡಿಯೊಂದನ್ನೂ ಹರಿದುಕೊಂಡಳು.

ದಹನ ಮುಗಿಸಿ ಬಂದ ಮೇಲೆ, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪವಿಟ್ಟು ಒಂದು ಎಲೆಗೆ ಅನ್ನ ಬಡಿಸುವುದು ಆ ಮನೆಯ ಕ್ರಮ. ಅನುಷ್ಕಾ ದೊಡ್ಡ ಎಲೆಯನ್ನು ಹಾಸಿ, ಅದಕ್ಕೆ ತಾಗಿಸಿ ಚಿಕ್ಕದನ್ನು ಇಟ್ಟಳು. ಗುಲಾಬಿ ಏನೋ ಕೇಳಹೊರಟವಳು ಅವಳ ಮುಖ ನೋಡಿ ದೀಪದ ಬತ್ತಿ ಸರಿಮಾಡಿದಳು. ಮೋಹನದಾಸ ಅಡಿಗೆಕೋಣೆಗೆ ಹೋಗಿ ಅನ್ನದ ಪಾತ್ರೆ ಎತ್ತಿಕೊಂಡು ಬಂದ. ಮೊದಲ ಸೌಟನ್ನಾದರೂ ತಾನು ಬಡಿಸಬೇಕು ಎಂದಿತ್ತು ಅವನಿಗೆ.

ಅನುಷ್ಕಾ ಅಡಿಗೆಕೋಣೆಯ ಬಾಗಿಲಲ್ಲೇ ತಡೆದಳು. ಅವನ ಕೈಯಿಂದ ಪಾತ್ರೆ ತೆಗೆದುಕೊಂಡಳು, ಸೌಟನ್ನೂ ತೆಗೆದುಕೊಂಡಳು.

"ನೀವು ಬಡಿಸುವುದು ಬೇಡ."

ಅವಳು ಕುಳಿತು ದೊಡ್ಡ ಎಲೆಗೆ ಬಡಿಸಿದಳು. ಚಿಕ್ಕದಕ್ಕೆ ಎರಡೇ ಬೆರಳಿನಿಂದ ಅನ್ನವಿಟ್ಟು ಹಾಲು ಬಿಟ್ಟಳು. ಹಾಲು ಎಲೆಯಿಂದ ಹೊರಗೆ ಹರಿಯಿತು. ಮೋಹನದಾಸ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಅಂಗೈಗೆ ಅಲ್ಲಿ ಮರ ನುಣ್ಣಗೆ ತಾಗಿತು. ತಿರುಗಿ ನೋಡಿದ. ಅವನ ಹೆಗಲಿನ ಎತ್ತರದಲ್ಲಿ, ಒಬ್ಬ ಹೆಂಗಸು ಒರಗಿ ನಿಂತರೆ ತಲೆ ತಾಗುವಷ್ಟು ಜಾಗ, ತಲೆಯೆಣ್ಣೆ ಹಿಡಿದು ಕಪ್ಪಾಗಿತ್ತು.